ನೀರು ಮರೆಸಿದ ನಂಟು

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಹೈಡ್ರಿಲ್ಲಾ ಮರೆಯುವುದಿಲ್ಲ. ಬೀಕರಿನ ನೀರಿನಲ್ಲಿ ನಾಲ್ಕಾರು ಹಸಿರು ಕಡ್ಡಿ, ಅವುಗಳ ಮೇಲೆ ಬೋರಲು ಹಾಕಿದ ಗಾಜಿನ ಆಲಿಕೆ, ಆಲಿಕೆಯ ಬಾಲಕ್ಕೆ ನೀರು ತುಂಬಿ ಮಗುಚಿಟ್ಟ ಪ್ರನಾಳ. ಬಿಸಿಲಿಗಿಟ್ಟರೆ ಸಣ್ಣ ಸಣ್ಣ ಗುಳ್ಳೆಯಾಗಿ ಆಮ್ಲಜನಕ ಮೇಲೇರುತ್ತದೆ. ರಾಯಚೂರಿನ ಬಿಸಿಲಿಗಂತೂ ಈ ಪ್ರಯೋಗ ಕೈಕೊಟ್ಟ ಉದಾಹರಣೆ ಇರಲಾರದು. ಕಾಲೇಜಿನಿಂದ ಹೊರಬಂದ ಮೇಲೆ ಅದೇ ಗಿಡ ಹೆಸರು ಕಳೆದುಕೊಳ್ಳುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಕಾಯುವ ಮಾನ್ವಿಯ ರೈತನಿಗಾಗಲಿ, ನಾರಾಯಣಪುರ ಬಲದಂಡೆಯ ನೀರು ನೆಚ್ಚಿದ ದೇವದುರ್ಗದ ರೈತನಿಗಾಗಲಿ ನೀರಿನೊಳಗೆ ಹಬ್ಬಿದ್ದೆಲ್ಲ ಪಾಚಿ, ದಡದಲ್ಲಿ ನಿಂತದ್ದೆಲ್ಲ ಜೊಂಡು. ಕೊನೆ ಭಾಗಕ್ಕೆ ನೀರು ಮುಟ್ಟದಿದ್ದಾಗ ಬೈಯಲು ಎಂಜಿನಿಯರು, ರಾಜಕಾರಣಿ, ಮೇಲ್ಭಾಗದ ರೈತ ಇಷ್ಟು ಜನ ಇರುವಾಗ ಪಾಚಿಯ ಕುಲಗೋತ್ರ ಯಾರಿಗೆ ಬೇಕು?

ಬೇಕಾದದ್ದು ಅಮೆರಿಕದವರಿಗೆ. ನಮ್ಮ ಬೀಕರಿನ ಈ ಸಾಧು ಗಿಡ ಅಲ್ಲಿ ಕೇಂದ್ರ ಸರ್ಕಾರವೇ ನಿಷೇಧಿಸಿದ ಕಳೆ. ಫ್ಲಾರಿಡಾದ ಕೆರೆ, ನದಿ, ಕಾಲುವೆಗಳನ್ನು ಮುಚ್ಚಿ ಹಾಕಿ, ದಶಕಗಳ ಕಾಲ ಕೋಟಿಗಟ್ಟಲೆ ಡಾಲರ್ ನುಂಗಿದ ಗಿಡ. ಅದು ಯಾವ ಊರಿನದೆಂದು 1997ರಲ್ಲಿ ಡಿಎನ್‌ಎ ಹಿಡಿದು ವಿಚಾರಿಸಿದಾಗ, ತುಂಬ ಹತ್ತಿರದ ನೆಂಟ ಬೆಂಗಳೂರಿನಲ್ಲಿ ಸಿಕ್ಕ. ಈ ವಿಚಾರಣೆ ಒಂದೇ ಸಲಕ್ಕೆ ಆದದ್ದಲ್ಲ. ನೀರಿನ ಗಿಡಗಳ ನಂಟಸ್ತಿಕೆಯ ಬಗ್ಗೆ ಸಸ್ಯಶಾಸ್ತ್ರ ನೂರಾರು ವರ್ಷ ನಂಬಿದ್ದನ್ನು ಡಿಎನ್‌ಎ ಒಂದೊಂದಾಗಿ ಕೆಡವಿದ ಕಾಲವೊಂದಿತ್ತು. ಆ ಕಾಲದ ಬಾಗಿಲಲ್ಲಿ ಒಬ್ಬ ಕನ್ನಡಿಗರು ನಿಂತಿದ್ದಾರೆ, ಒಳಗೆ ಬರುವಷ್ಟು ಆಯುಸ್ಸು ಅವರಿಗಿರಲಿಲ್ಲ.

ನೆಲದ ಮೇಲಿನ ಗಿಡಕ್ಕೆ ಗಾಳಿಗೆ ಬಾಗದಂಥ ಕಾಂಡ ಬೇಕು, ಬೇರಿನಿಂದ ತುದಿಯವರೆಗೆ ನೀರೆಳೆಯುವ ಕೊಳವೆಗಳು ಬೇಕು, ಬಿಸಿಲಿಗೆ ಒಣಗದಂಥ ಚರ್ಮ ಬೇಕು. ನೀರಿಗಿಳಿದ ಗಿಡಕ್ಕೆ ಇದೊಂದೂ ಬೇಡ. ನೀರೇ ಎತ್ತಿ ಹಿಡಿಯುತ್ತದೆ, ನೀರೇ ಉಣಿಸುತ್ತದೆ. ಎಲೆ ತೆಳ್ಳಗಾಗುತ್ತದೆ, ಕಾಂಡದೊಳಗೆ ಗಾಳಿಯ ಓಣಿಗಳು ತೆರೆಯುತ್ತವೆ, ಕೊಳವೆಗಳು ಕ್ಷೀಣಿಸುತ್ತವೆ, ಬೇರು ಲಂಗರಿನ ಕೆಲಸಕ್ಕಷ್ಟೇ ಉಳಿಯುತ್ತದೆ. ಬೇರೆ ಬೇರೆ ಕುಲದ ಗಿಡಗಳು ಬೇರೆ ಬೇರೆ ಕಾಲದಲ್ಲಿ ನೀರಿಗಿಳಿದು, ಕೋಟ್ಯಂತರ ವರ್ಷ ಅಲ್ಲೇ ಬಾಳಿ, ಕೊನೆಗೆ ಒಂದೇ ತಾಯಿಯ ಮಕ್ಕಳಂತೆ ಕಾಣತೊಡಗಿದವು. ರೂಪ ನೋಡಿ ಕುಲ ಹೇಳುವುದೇ ಕಸುಬಾಗಿದ್ದ ಸಸ್ಯಶಾಸ್ತ್ರಜ್ಞರಿಗೆ ಇದಕ್ಕಿಂತ ದೊಡ್ಡ ಮೋಸ ಇರಲಿಲ್ಲ.

ಮೋಸಹೋದ ಉದಾಹರಣೆಗಳಲ್ಲಿ ದೊಡ್ಡದು ತಾವರೆ ಮತ್ತು ನೈದಿಲೆಯದು. ನಮ್ಮ ಕವಿಗಳು ತಾವರೆಯನ್ನು ಸೂರ್ಯನಿಗೆ, ನೈದಿಲೆಯನ್ನು ಚಂದ್ರನಿಗೆ ಗಂಟುಹಾಕಿದರೂ ಕೊಳವನ್ನು ಮಾತ್ರ ಎರಡಕ್ಕೂ ಒಂದೇ ಇಟ್ಟರು. ಸಸ್ಯಶಾಸ್ತ್ರಜ್ಞರು ಮಾಡಿದ್ದೂ ಅದನ್ನೇ. 1862ರಿಂದ 1883ರವರೆಗೆ ಬೆಂಥಮ್ ಮತ್ತು ಹೂಕರ್ ಹೊರತಂದ, ನಮ್ಮ ಕಾಲೇಜುಗಳಲ್ಲಿ ಇಂದಿಗೂ ಪಾಠವಾಗುವ ವರ್ಗೀಕರಣದಲ್ಲಿ ಎರಡೂ ಒಂದೇ ಕುಟುಂಬ. ಅಪಸ್ವರ ಎದ್ದದ್ದುಂಟು. ನೈದಿಲೆಯ ಪರಾಗಕಣಕ್ಕೆ ಒಂದೇ ಸೀಳು, ತಾವರೆಯದಕ್ಕೆ ಮೂರು. ಪರಾಗ ನೋಡುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಹೂಬಿಡುವ ಗಿಡಗಳ ಎರಡು ದೊಡ್ಡ ಪಾಳೆಯಗಳನ್ನು ಬೇರ್ಪಡಿಸುವ ಗೆರೆ ಅಲ್ಲೇ ಹಾಯುತ್ತದೆ. ಸೋವಿಯತ್ ಒಕ್ಕೂಟದ ತಖ್ತಾಜನ್ ತಾವರೆಗೆ ಪ್ರತ್ಯೇಕ ಗಣವನ್ನೇ ಕೊಟ್ಟರು. ಅಮೆರಿಕದ ಕ್ರಾಂಕ್ವಿಸ್ಟ್ ಒಪ್ಪಲಿಲ್ಲ. 1981ರ ಅವರ ಮಹಾಗ್ರಂಥದಲ್ಲಿ ತಾವರೆ, ನೈದಿಲೆ, ಬೇರೇ ಇಲ್ಲದೆ ನೀರಿನಲ್ಲಿ ಮುಳುಗಿರುವ ಸೆರಟೋಫಿಲಮ್ ಎಲ್ಲವೂ ಒಂದೇ ಗಣದಲ್ಲಿದ್ದವು. ಇಬ್ಬರೂ ಘಟಾನುಘಟಿಗಳು. ಇಬ್ಬರ ಕೈಯಲ್ಲಿದ್ದ ಸಾಕ್ಷ್ಯವೂ ಒಂದೇ, ಯಾವ ಲಕ್ಷಣಕ್ಕೆ ಎಷ್ಟು ತೂಕ ಎಂಬುದರಲ್ಲಷ್ಟೇ ಜಗಳ. ಅದನ್ನು ತೀರಿಸುವ ತಕ್ಕಡಿ ಆಗ ಇರಲಿಲ್ಲ.

ಆ ತಕ್ಕಡಿ ಬರುವುದಕ್ಕೆ ನಾಲ್ಕು ದಶಕ ಮೊದಲು, ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮರದ ಒಳರಚನೆಯ ಮೇಧಾವಿ ಇರ್ವಿಂಗ್ ಬೈಲಿ ಅವರ ಪಕ್ಕದಲ್ಲಿ ಬೆಂಗಳೂರಿನ ಯುವಕನೊಬ್ಬ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದ್ದ. ಆತ ಬಿ.ಜಿ.ಎಲ್. ಸ್ವಾಮಿ. ಡಿವಿಜಿಯವರ ಮಗ, ಮುಂದೆ ‘ಹಸುರು ಹೊನ್ನು’ ಬರೆದು ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು, ಗಿಡಮರಗಳ ಬಗ್ಗೆ ಕನ್ನಡದಲ್ಲಿ ನಗುತ್ತ ಬರೆಯಬಹುದೆಂದು ತೋರಿಸಿದವರು. ಸಾಹಿತ್ಯದ ಓದುಗರಿಗೆ ಅವರ ಹಾಸ್ಯ ಗೊತ್ತು. ಅವರ ಹೆಸರು ಜಗತ್ತಿನ ಸಸ್ಯವಿಜ್ಞಾನದಲ್ಲಿ ಯಾವ ಗಿಡದ ಜೊತೆ ಅಂಟಿಕೊಂಡಿದೆ ಎಂಬುದು ಅಷ್ಟಾಗಿ ಗೊತ್ತಿಲ್ಲ.

ಗಿಡದ ಹೆಸರು ಅಂಬೊರೆಲ್ಲಾ. ಶಾಂತಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪ ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಕಾಡಿನಲ್ಲಿ ಬೆಳೆಯದ ಪೊದೆ. ಸಣ್ಣ ಹೂ, ಸಣ್ಣ ಕೆಂಪು ಹಣ್ಣು, ಗಂಡುಗಿಡ ಬೇರೆ, ಹೆಣ್ಣುಗಿಡ ಬೇರೆ. ದಾರಿಯಲ್ಲಿ ಎದುರಾದರೆ ಎರಡನೇ ಸಲ ತಿರುಗಿ ನೋಡುವಂಥದ್ದೇನಲ್ಲ. 1948ರಲ್ಲಿ ಅರ್ನಾಲ್ಡ್ ಆರ್ಬೊರೇಟಮ್‌ನ ಪತ್ರಿಕೆಯಲ್ಲಿ ಬೈಲಿ ಮತ್ತು ಸ್ವಾಮಿ ಇದರ ರಚನೆಯನ್ನು ವಿವರಿಸಿದರು. ಹೂಬಿಡುವ ಗಿಡಗಳ ಮರದಲ್ಲಿ ಸಾಮಾನ್ಯವಾಗಿ ಇರುವ ಉದ್ದನೆಯ ನೀರ್ಗೊಳವೆಗಳು ಇದರಲ್ಲಿ ಇಲ್ಲ. ಪೈನ್ ಮರದಂತೆ ಬಿಡಿ ಬಿಡಿ ಕೋಶಗಳ ಮೂಲಕವೇ ನೀರು ಏರುತ್ತದೆ. ಕೊಳವೆಯಿಲ್ಲದ ದ್ವಿದಳ ಗಿಡಗಳು ಬೆರಳೆಣಿಕೆಯಷ್ಟು ಮೊದಲೇ ಗೊತ್ತಿದ್ದವು. ಆದರೆ ಇದು ಅವುಗಳ ಪೈಕಿ ಯಾವುದರ ಜೊತೆಗೂ ಸರಿಹೊಂದದ ಹೊಸ ಬಗೆ ಎಂದು ಅವರು ಲೇಖನದ ತಲೆಬರಹದಲ್ಲೇ ಸಾರಿದರು.

ಅಷ್ಟಕ್ಕೇ ನಿಂತರು. ಕೊಳವೆ ಇಲ್ಲದ್ದು ಮೊದಲಿನಿಂದಲೂ ಇಲ್ಲದ್ದೋ, ನಡುವೆ ಕಳೆದುಹೋದದ್ದೋ? ಅದನ್ನು ಸೂಕ್ಷ್ಮದರ್ಶಕ ಹೇಳಲಾರದು. ನೈದಿಲೆಯ ಕಾಂಡದಲ್ಲೂ ಅಂಥ ಕೊಳವೆ ಇಲ್ಲ. ಅಲ್ಲಿ ನೀರನ್ನು ನೆಪ ಹೇಳಬಹುದು. ಅಂಬೊರೆಲ್ಲಾ ನೆಲದ ಪೊದೆ, ಅದಕ್ಕೆ ಆ ನೆಪವೂ ಇಲ್ಲ. ವರ್ಗೀಕರಣ ಮಾಡುವವರು ಅದನ್ನು ದಾಲ್ಚಿನ್ನಿಯ ಬಳಗದ ಒಂದು ಮೂಲೆಯಲ್ಲಿ ಕೂರಿಸಿ ಮುಂದಿನ ಗಿಡದ ಕಡೆ ತಿರುಗಿದರು.

ಸ್ವಾಮಿ ಭಾರತಕ್ಕೆ ಮರಳಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದರು. 1960ರ ದಶಕದ ಆರಂಭದಲ್ಲಿ ಕೆ.ಕೆ. ಲಕ್ಷ್ಮಣನ್ ಅವರೊಂದಿಗೆ ಅವರು ಭ್ರೂಣ ಬೆಳೆಯುವ ಬಗೆಯನ್ನು ಬಿಡಿಸಿ ನೋಡಿದ ಗಿಡಗಳಲ್ಲಿ ಎರಡು ನಮ್ಮ ಕತೆಗೆ ಬೇಕು: ಕೆರೆಕುಂಟೆಗಳ ನಾಜಸ್, ಸಮುದ್ರದ ತಳದಲ್ಲಿ ಬೆಳೆಯುವ ಹ್ಯಾಲೊಫಿಲಾ. ನಾಜಸ್‌ಗೆ ಆಗ ಅದರದೇ ಸ್ವಂತ ಕುಟುಂಬವಿತ್ತು. ಸ್ವಾಮಿ 1980ರ ನವೆಂಬರಿನಲ್ಲಿ ತೀರಿಕೊಂಡರು. ಗಿಡದ ಡಿಎನ್‌ಎಯ ಅಕ್ಷರಗಳನ್ನು ಓದಿ ವಂಶವೃಕ್ಷ ಬರೆಯುವ ಕೆಲಸ ಚಾಲ್ತಿಗೆ ಬಂದದ್ದು ಆಮೇಲೆ.

ಮೊದಲು ಓದಿದ್ದು ಗಿಡದ ಇಡೀ ಡಿಎನ್‌ಎಯನ್ನಲ್ಲ, ಎಲೆಯ ಹಸಿರು ಕಣದೊಳಗಿರುವ ಒಂದೇ ಒಂದು ಜೀನನ್ನು. ಗಾಳಿಯ ಇಂಗಾಲವನ್ನು ಹಿಡಿದು ಸಕ್ಕರೆಯಾಗಿಸುವ ರುಬಿಸ್ಕೋ ಎಂಬ ಕಿಣ್ವದ ದೊಡ್ಡ ತುಣುಕನ್ನು ಕಟ್ಟುವ ಜೀನ್ ಅದು, ಉದ್ದ ಸುಮಾರು 1,400 ಅಕ್ಷರ. ಹಸಿರೆಲೆ ಇರುವ ಪ್ರತಿ ಗಿಡದಲ್ಲೂ ಅದು ಇರಲೇಬೇಕು, ನೀರಿನಲ್ಲಿದ್ದರೂ ನೆಲದಲ್ಲಿದ್ದರೂ ಮಾಡುವ ಕೆಲಸ ಅದೇ. ಕಾಂಡ, ಎಲೆ, ಬೇರುಗಳ ರೂಪವನ್ನು ತಿರುಚಿದಷ್ಟು ಸಲೀಸಾಗಿ ನೀರು ಆ ಅಕ್ಷರಗಳನ್ನು ತಿರುಚಲಾರದು. ನೀರಿನ ಗಿಡಗಳಿಗೆ ಈ ವಿಧಾನ ಹೇಳಿಮಾಡಿಸಿದಂತೆ ಒಗ್ಗಿದ್ದು ಈ ಕಾರಣಕ್ಕೆ.

1991ರಲ್ಲಿ ವಿಸ್ಕಾನ್ಸಿನ್‌ನ ಡೊನಾಲ್ಡ್ ಲೆಸ್ ತನ್ನ ಇಬ್ಬರು ಸಂಗಡಿಗರಾದ ಗಾರ್ವಿನ್ ಮತ್ತು ವಿಂಪಿ ಜೊತೆ ಪ್ರಾಚೀನ ಜಲಸಸ್ಯಗಳ ಈ ಜೀನನ್ನು ಹೋಲಿಸಿ ಪ್ರಕಟಿಸಿದಾಗ ಹಳೆಯ ಗಣ ಒಡೆಯಿತು. ತಾವರೆ ನೈದಿಲೆಯ ಬಳಗದಲ್ಲಿ ಇರಲೇ ಇಲ್ಲ. ಸೆರಟೋಫಿಲಮ್ ಕೂಡ ಒಂಟಿಯಾಗಿ ಬೇರೆಡೆ ನಿಂತಿತು. ಎರಡು ವರ್ಷದ ನಂತರ ಮಾರ್ಕ್ ಚೇಸ್ ಮುಂದಾಳ್ತನದಲ್ಲಿ 42 ಲೇಖಕರು ಸೇರಿ ಸುಮಾರು 500 ಬೀಜಸಸ್ಯಗಳನ್ನು ಹೋಲಿಸಿದ ದೊಡ್ಡ ವೃಕ್ಷ ಬಂತು. ಅದರಲ್ಲಿ ತಾವರೆಯ ನೆಂಟರ ಹೆಸರೂ ಇತ್ತು: ಚಿನಾರ್ ಮರದ ಕುಟುಂಬ ಒಂದು, ಸಿಲ್ವರ್ ಓಕ್ ಸೇರಿರುವ ಪ್ರೋಟಿಯಾ ಕುಟುಂಬ ಇನ್ನೊಂದು.

ಇಡೀ ಚರಿತ್ರೆಯಲ್ಲಿ ನನ್ನನ್ನು ಬೆರಗುಗೊಳಿಸುವ ಜಾಗ ಇದು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿ ಹೊತ್ತು ಸೆಟೆದು ನಿಂತಿರುವ ಸಿಲ್ವರ್ ಓಕ್, ಆಸ್ಟ್ರೇಲಿಯಾದಿಂದ ನೆರಳಿಗೆಂದು ತಂದ ಮರ. ಅದೂ ಕೆಸರಿನ ತಾವರೆಯೂ ಒಂದೇ ಗಣ! ಶ್ರೀನಗರದ ದಾಲ್ ಸರೋವರದ ದಡದಲ್ಲಿ ಚಿನಾರ್, ನೀರಿನಲ್ಲಿ ತಾವರೆ. ಹತ್ತು ಕೋಟಿ ವರ್ಷಕ್ಕೂ ಹಿಂದೆ ಕವಲೊಡೆದ ಬಂಧುಗಳು ಎದುರುಬದುರು ನಿಂತಿದ್ದರೂ ಯಾರ ಅನುಮಾನಕ್ಕೂ ಸಿಗಲಿಲ್ಲ. ತಾವರೆಯ ಕುಲದಲ್ಲಿ ಇಂದು ಉಳಿದಿರುವುದು ಎರಡೇ ಪ್ರಭೇದ, ಏಷ್ಯಾದ ನಮ್ಮದೊಂದು, ಅಮೆರಿಕದ ಹಳದಿ ಹೂವಿನದೊಂದು. ನಡುವಿನ ಕೊಂಡಿಗಳೆಲ್ಲ ಅಳಿದುಹೋದವು. ಕಣ್ಣಿಗೆ ಹಿಡಿಯಲು ಆಧಾರವೇ ಉಳಿದಿರಲಿಲ್ಲ. ಪರಾಗದ ಮೂರು ಸೀಳನ್ನು ನೆಚ್ಚಿದವರು ಅರ್ಧ ಗೆದ್ದಿದ್ದರು: ತಾವರೆ ನೈದಿಲೆಯಲ್ಲ ಎಂದದ್ದು ಸರಿ. ಸಿಲ್ವರ್ ಓಕ್‌ನ ಹೆಸರು ಮಾತ್ರ ಅವರ ಬಾಯಲ್ಲೂ ಬಂದಿರಲಿಲ್ಲ.

ಡಿಎನ್‌ಎ ಹೇಳಿದ್ದೆಲ್ಲ ವೇದವಾಕ್ಯವೂ ಅಲ್ಲ. ಅದೇ 1993ರ ವೃಕ್ಷ ಸೆರಟೋಫಿಲಮ್ಮನ್ನು ಹೂಬಿಡುವ ಎಲ್ಲ ಗಿಡಗಳ ಬುಡದಲ್ಲಿ ಕೂರಿಸಿತು. ಅಂದರೆ ಉಳಿದ ಎಲ್ಲವುಗಳಿಂದ ಮೊಟ್ಟಮೊದಲು ಬೇರೆಯಾದ ಕವಲು ಅದು ಎಂದಾಯಿತು. ಹೂವಿನ ಚರಿತ್ರೆ ನೀರಿನಲ್ಲಿ ಶುರುವಾಯಿತೇ ಎಂದು ಕೆಲವು ವರ್ಷ ಜೋರು ಚರ್ಚೆ ನಡೆಯಿತು. ಒಂದೇ ಜೀನಿನ ಮಾತನ್ನು ಅಷ್ಟು ನೆಚ್ಚಬಾರದಿತ್ತು. ಹೆಚ್ಚು ಜೀನುಗಳು ಸೇರಿದಂತೆ ಆ ಸ್ಥಾನ ಕುಸಿಯಿತು. ಈಗ ಅದನ್ನು ಮೂರು ಸೀಳಿನ ಪರಾಗದ ದೊಡ್ಡ ಪಾಳೆಯದ ಪಕ್ಕದಲ್ಲಿಡುತ್ತಾರೆ, ಆ ಜಾಗವೂ ಇನ್ನೂ ಗಟ್ಟಿಯಾಗಿಲ್ಲ.

ಖಾಲಿಯಾದ ಬುಡದ ಜಾಗಕ್ಕೆ ಹಕ್ಕುದಾರ ಸಿಕ್ಕಿದ್ದು 1999ರಲ್ಲಿ. ಆ ವರ್ಷ ಹಲವು ತಂಡಗಳು, ಬೇರೆ ಬೇರೆ ಜೀನು ಹಿಡಿದು, ತಿಂಗಳುಗಳ ಅಂತರದಲ್ಲಿ ‘ಸೈನ್ಸ್’, ‘ನೇಚರ್’ ಮೊದಲಾದ ಪತ್ರಿಕೆಗಳಲ್ಲಿ ಒಂದೇ ಉತ್ತರ ಪ್ರಕಟಿಸಿದವು. ಇಂದು ಬದುಕಿರುವ ಹೂಗಿಡಗಳ ಪೈಕಿ ಎಲ್ಲಕ್ಕಿಂತ ಮೊದಲು ಬೇರೆಯಾದ ಕವಲು ಅಂಬೊರೆಲ್ಲಾ, ಅದರ ನಂತರದ್ದು ನೈದಿಲೆ. ಬೈಲಿ ಮತ್ತು ಸ್ವಾಮಿ ಯಾರ ಗುಂಪಿಗೂ ಸೇರದ ಹೊಸ ಬಗೆ ಎಂದು ಬರೆದು 51 ವರ್ಷವಾಗಿತ್ತು. ಅವರು ವಂಶದ ಮಾತೆತ್ತದೆ ಕಂಡದ್ದನ್ನಷ್ಟೇ ಬರೆದರು, ಹಾಗಾಗಿ ಆ ಲೇಖನ ಇಂದಿಗೂ ಕೆಡದೆ ಉಳಿದಿದೆ ಎಂಬುದು ನನ್ನ ಎಣಿಕೆ. ಅಂಬೊರೆಲ್ಲಾ ಒಂಟಿಯೋ, ಅದೂ ನೈದಿಲೆಯೂ ಜೋಡಿ ಕವಲೋ ಎಂಬ ತಕರಾರು ಆಮೇಲೂ ನಡೆಯಿತು. 2013ರಲ್ಲಿ ಅಂಬೊರೆಲ್ಲಾದ ಪೂರ್ಣ ಜೀನೋಮ್ ಬಂದ ಮೇಲೆ ಒಂಟಿ ಎನ್ನುವವರದೇ ಮೇಲುಗೈ. ತಾವರೆಯ ಜೀನೋಮ್ ಬಂದದ್ದೂ ಅದೇ ವರ್ಷ.

ಇದಾದ ಮೇಲೆ ನೀರಿನ ಗಿಡಗಳ ಹಳೆಯ ಖಾತೆಗಳೆಲ್ಲ ಮರುಪರಿಶೀಲನೆಗೆ ಬಂದವು. ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಬಂಡೆಗೆ ಹಾವಸೆಯಂತೆ ಅಂಟಿಕೊಂಡು, ನೀರಿಳಿದಾಗ ಮಾತ್ರ ಹೂಬಿಡುವ ಪೊಡೊಸ್ಟೆಮೇಸಿ ಎಂಬ ವಿಚಿತ್ರ ಕುಟುಂಬವಿದೆ. ಹಲವು ತಡಕಾಟಗಳ ನಂತರ ಅದು ಹೋಗಿ ನಿಂತದ್ದು ಕರಾವಳಿಯವರು ಸಾರಿಗೆ ಹಾಕುವ ಮುರುಗಲು, ಮುಡಿಯುವ ಸುರಗಿ ಇವುಗಳ ಬಳಗದಲ್ಲಿ. ಕೊಂಕಣದ ಜಂಬಿಟ್ಟಿಗೆಯ ಬಯಲುಗಳಲ್ಲಿ ಮಳೆಗಾಲದ ಪುಟ್ಟ ಹೊಂಡಗಳಲ್ಲಿ ಬೆಳೆಯುವ ಬೆರಳುದ್ದವೂ ಇಲ್ಲದ ಗಿಡವೊಂದನ್ನು ಕೊಲ್ಹಾಪುರದ ಎಸ್.ಆರ್. ಯಾದವ್ ಮತ್ತು ಗೋವಾದ ಎಂ.ಕೆ. ಜನಾರ್ಧನಂ 1994ರಲ್ಲಿ ಟ್ರಿಥುರಿಯಾ ಕೊಂಕಣೆನ್ಸಿಸ್ ಎಂದು ಹೆಸರಿಸಿದ್ದರು. ಹುಲ್ಲಿನ ಕಡೆಯ ಏಕದಳ ಎಂದೇ ಆಗ ಅದರ ಕುಟುಂಬದ ಲೆಕ್ಕ. 2007ರಲ್ಲಿ ಸಾರೆಲಾ ಮತ್ತು ಸಂಗಡಿಗರು ಡಿಎನ್‌ಎ ನೋಡಿ, ಈ ಕುಟುಂಬ ನೈದಿಲೆಯ ನೆಂಟ ಎಂದಾಗ ಹುಲ್ಲಿನ ಕಡೆಯವರು ಒಬ್ಬ ದಾಯಾದಿಯನ್ನು ಕಳೆದುಕೊಂಡರು. ಇನ್ನು ಸಮುದ್ರದ ಹುಲ್ಲುಗಳು: ಏಕದಳ ಗಿಡಗಳು ಕನಿಷ್ಠ ಮೂರು ಸಲ ಬೇರೆ ಬೇರೆಯಾಗಿ ಕಡಲಿಗಿಳಿದಿವೆ ಎಂದು 1997ರಲ್ಲಿ ಲೆಸ್ ತಂಡ ತೋರಿಸಿತು. ಸ್ವಾಮಿ ಮದರಾಸಿನಲ್ಲಿ ಬಿಡಿಸಿ ನೋಡಿದ್ದ ಹ್ಯಾಲೊಫಿಲಾ ಅದರಲ್ಲೊಂದು. ಸ್ವಂತ ಕುಟುಂಬವಿದ್ದ ನಾಜಸ್ ಕೂಡ ಆ ಕುಟುಂಬ ಕಳೆದುಕೊಂಡು ಹ್ಯಾಲೊಫಿಲಾದ ಮನೆಗೇ ಬಂತು. ಆ ಮನೆಯಲ್ಲಿ ಇನ್ನೊಬ್ಬ ಸದಸ್ಯ ಮೊದಲಿನಿಂದಲೂ ಇದ್ದ, ಅವನೇ ಹೈಡ್ರಿಲ್ಲಾ.

ಹೈಡ್ರಿಲ್ಲಾ ನಮ್ಮ ಕಡೆಯ ಗಿಡವೆಂಬುದಕ್ಕೆ ಹಳೆಯ ದಾಖಲೆಯಿದೆ. ಲಿನೇಯಸ್‌ನ ಮಗ 1780ರ ದಶಕದ ಆರಂಭದಲ್ಲಿ ಇದನ್ನು ಮೊದಲು ವರ್ಣಿಸಿದ್ದು ಭಾರತದಿಂದ ಹೋದ ಮಾದರಿಯಿಂದ. ಈಗಿನ ಜೋಡಿಹೆಸರನ್ನು 1839ರಲ್ಲಿ ಕೊಟ್ಟವನು ಸಹಾರನ್‌ಪುರದ ಸಸ್ಯೋದ್ಯಾನ ನೋಡಿಕೊಂಡಿದ್ದ ಜಾನ್ ಫೋರ್ಬ್ಸ್ ರಾಯ್ಲ್. ದ್ಯುತಿಸಂಶ್ಲೇಷಣೆ ಅಳೆಯಲು ಜಗದೀಶಚಂದ್ರ ಬೋಸರು ಆರಿಸಿಕೊಂಡದ್ದೂ ಇದನ್ನೇ.

ಫ್ಲಾರಿಡಾಕ್ಕೆ ಅದು ಹೋದ ಕತೆ ಸರ್ಕಾರಿ ಕಡತಗಳಲ್ಲಿದೆ. 1950ರ ದಶಕದ ಆರಂಭದಲ್ಲಿ ಅಲಂಕಾರದ ಮೀನು ಮತ್ತು ನೀರಿನ ಗಿಡಗಳ ವ್ಯಾಪಾರಿಗಳು ಸಿಲೋನಿನಿಂದ, ಅಂದರೆ ಈಗಿನ ಶ್ರೀಲಂಕಾದಿಂದ, ‘ಇಂಡಿಯನ್ ಸ್ಟಾರ್-ವೈನ್’ ಎಂಬ ಹೆಸರಿನಲ್ಲಿ ಕೆಲವು ಕಟ್ಟು ಗಿಡ ತರಿಸಿದರು. ಟ್ಯಾಂಪಾದ ವ್ಯಾಪಾರಿಗೆ ಸರಕು ಹಿಡಿಸಲಿಲ್ಲ, ಹಿತ್ತಿಲ ಕಾಲುವೆಗೆ ಎಸೆದ. ಸತ್ತಿತೆಂದುಕೊಂಡದ್ದು ಹಬ್ಬಿತು. ಅಲ್ಲಿಂದ ಮಯಾಮಿಗೆ ಹೋಯಿತು. 1960ರ ಹೊತ್ತಿಗೆ ಮಯಾಮಿಯ ಒಂದು ಕಾಲುವೆಯಲ್ಲೂ ಪಶ್ಚಿಮ ತೀರದ ಕ್ರಿಸ್ಟಲ್ ನದಿಯಲ್ಲೂ ಕಾಣಿಸಿಕೊಂಡಿತು.

ಕಂಡವರು ಗುರುತು ಹಿಡಿಯಲಿಲ್ಲ. ಅಮೆರಿಕದ್ದೇ ಆದ ಎಲೋಡಿಯಾ ಎಂಬ ಗಿಡಕ್ಕೂ ಇದಕ್ಕೂ ಕಣ್ಣಳತೆಯಲ್ಲಿ ಭೇದವಿಲ್ಲ, ಎರಡಕ್ಕೂ ಕಾಂಡದ ಸುತ್ತ ಉಂಗುರದಂತೆ ಜೋಡಿಸಿದ ಪುಟ್ಟ ಎಲೆ. ಹೀಗಾಗಿ ಕೆಲವು ಕಾಲ ಫ್ಲಾರಿಡಾ ಎಲೋಡಿಯಾ ಎಂದೇ ಕರೆದರು. ಊರಿನದೇ ಗಿಡ ಸ್ವಲ್ಪ ಹೆಚ್ಚು ಬೆಳೆದಿದೆ ಎಂದುಕೊಂಡವರಿಗೆ ಅವಸರವೇನು? ಒಂದೇ ಕುಟುಂಬವಾದರೂ ಹೈಡ್ರಿಲ್ಲಾಕ್ಕೆ ಹತ್ತಿರದ ನೆಂಟ ಎಲೋಡಿಯಾ ಅಲ್ಲ, ರಿಬ್ಬನ್ನಿನಂಥ ಉದ್ದ ಎಲೆಯ ವ್ಯಾಲಿಸ್ನೇರಿಯಾ ಎಂದು ಡಿಎನ್‌ಎ ಆಮೇಲೆ ಹೇಳಿತು. ನೋಡಿದರೆ ಆ ಎರಡಕ್ಕೂ ಸಂಬಂಧವೇ ಕಾಣದು. ತಾವರೆಯ ವಿಷಯದಲ್ಲಿ ನೀರು ಮಾಡಿದ್ದ ಮೋಸ ಪುಸ್ತಕದೊಳಗೇ ಉಳಿದಿತ್ತು, ಈ ಮೋಸಕ್ಕೆ ಒಂದು ರಾಜ್ಯ ದುಡ್ಡು ತೆತ್ತಿತು.

ಗಿಡದ ಹರಡುವ ರೀತಿ ಇನ್ನೊಂದು ಕುತೂಹಲ. ಫ್ಲಾರಿಡಾದಲ್ಲಿದ್ದುದೆಲ್ಲ ಹೆಣ್ಣುಗಿಡ. ಗಂಡಿಲ್ಲ, ಆದ್ದರಿಂದ ಬೀಜವಿಲ್ಲ. ದೋಣಿಯ ರೆಕ್ಕೆಗೆ ಸಿಕ್ಕಿ ತುಂಡಾದ ಕಡ್ಡಿಯಲ್ಲಿ ಒಂದು ಗೆಣ್ಣು ಇದ್ದರೆ ಸಾಕು, ಚಿಗುರುತ್ತದೆ; ಕೆಸರಿನೊಳಗೆ ಬಿಡುವ ಗೆಡ್ಡೆಗಳು ವರ್ಷಗಟ್ಟಲೆ ಕಾದು ಮೊಳೆಯುತ್ತವೆ. 1976ರಲ್ಲಿ ಡೆಲವೇರ್ ರಾಜ್ಯದಲ್ಲಿ, 1980ರ ದಶಕದಲ್ಲಿ ರಾಜಧಾನಿ ವಾಷಿಂಗ್ಟನ್ ಪಕ್ಕದ ಪೊಟೊಮ್ಯಾಕ್ ನದಿಯಲ್ಲಿ ಇನ್ನೊಂದು ಬಗೆ ಸಿಕ್ಕಿತು. ಅದರಲ್ಲಿ ಗಂಡುಹೂ, ಹೆಣ್ಣುಹೂ ಎರಡೂ ಒಂದೇ ಗಿಡದಲ್ಲಿ. ಒಂದೇ ಗಿಡ ಮನಸ್ಸು ಬದಲಿಸಿತೋ, ಎರಡು ಸಲ ಬೇರೆ ಬೇರೆ ಕಡೆಯಿಂದ ಬಂತೋ?

ಇದಕ್ಕೆ ಉತ್ತರ ಕೊಟ್ಟದ್ದು ಫ್ಲಾರಿಡಾದಲ್ಲಿ ಕೃಷಿ ಇಲಾಖೆಯ ವಿಜ್ಞಾನಿಗಳಾದ ಪಾಲ್ ಮಡೀರಾ, ವಾನ್, ಸ್ಟೀವರ್ಡ್, ಶ್ನೆಲ್. ಜಗತ್ತಿನ ನಾನಾ ಕಡೆಯ ಹೈಡ್ರಿಲ್ಲಾಗಳ ಡಿಎನ್‌ಎಯನ್ನು ಪುಟ್ಟ ಪುಟ್ಟ ತುಣುಕುಗಳಾಗಿ ನಕಲು ಮಾಡಿಸಿ, ಜೆಲ್ಲಿನ ಮೇಲೆ ಮೂಡುವ ಪಟ್ಟಿಗಳ ವಿನ್ಯಾಸವನ್ನು ಅವರು ಹೋಲಿಸಿದರು. 1997ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅಮೆರಿಕದ ಹೆಣ್ಣುಗಿಡಗಳು ಬೆಂಗಳೂರಿನ ಮಾದರಿಯ ಜೊತೆಗೂಡಿದವು, ಎರಡೂ ಹೂವಿನ ಬಗೆ ದಕ್ಷಿಣ ಕೊರಿಯಾದ ಸೋಲ್‌ನ ಮಾದರಿಗೆ ಹತ್ತಿರವಾಯಿತು. ಬಂದದ್ದು ಎರಡು ಸಲ, ಏಷ್ಯಾದ ಎರಡು ಮೂಲೆಗಳಿಂದ.

ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಓದಿದವರಿಗೆ ಇಲ್ಲಿ ನಗು ಬರಬಹುದು. ಆಲೂಗೆಡ್ಡೆ, ಟೊಮೇಟೊ, ಮೆಣಸಿನಕಾಯಿ ಅಲ್ಲಿಂದ ಬಂದು ನಮ್ಮ ಹೊಟ್ಟೆ ಸೇರಿದವು. ನಾವು ತೀರಿಸಿದ ಋಣ ಈ ಪಾಚಿ.

ಕಡತ ಶ್ರೀಲಂಕಾ ಎನ್ನುತ್ತದೆ, ಡಿಎನ್‌ಎ ಬೆಂಗಳೂರು ಎನ್ನುತ್ತದೆ. ಇದನ್ನು ವಿರೋಧ ಎಂದು ನೋಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹಡಗು ಹೊರಟ ಬಂದರು ಗಿಡ ಬೆಳೆದ ಕೆರೆಯೇ ಆಗಿರಬೇಕಿಲ್ಲ, ದಕ್ಷಿಣ ಭಾರತದ್ದೂ ಸಿಂಹಳದ್ದೂ ಒಂದೇ ಬಳಗವಾಗಿರಬಹುದು. ಅದಕ್ಕಿಂತ ಮುಖ್ಯವಾಗಿ, ಇಂಥ ಹೋಲಿಕೆ ವಿಳಾಸ ಕೊಡುವುದಿಲ್ಲ, ಬಂದವರ ಪೈಕಿ ಹತ್ತಿರದವರನ್ನಷ್ಟೇ ತೋರಿಸುತ್ತದೆ. ಮದುವೆ ಮನೆಯಲ್ಲಿ ಮಗು ಯಾರ ಹೋಲಿಕೆ ಎಂದು ಮಾತಾಡುವವರು ಮದುವೆಗೆ ಬಾರದ ಚಿಕ್ಕಪ್ಪನ ಹೆಸರು ಹೇಳುವುದಿಲ್ಲವಲ್ಲ, ಹಾಗೆ. ಬೆಂಗಳೂರಿನಲ್ಲಿ ಯಾರೋ ಗಿಡ ಕಿತ್ತು ಕಳಿಸಿದ್ದರು, ಬೆಂಗಳೂರು ಹೆಸರಾಯಿತು. ರಾಯಚೂರು ಕೋಟೆಯ ಪಕ್ಕದ ಮಾವಿನಕೆರೆಯಿಂದಲೋ, ಮಾನ್ವಿಯ ಉಪಕಾಲುವೆಯಿಂದಲೋ ಒಂದು ಹಿಡಿ ಪಾಚಿ ಆ ಪ್ರಯೋಗಾಲಯ ಸೇರಿ, ಅದರ ಪಟ್ಟಿಗಳು ಇನ್ನೂ ಚೆನ್ನಾಗಿ ಹೊಂದಿದ್ದರೆ ಲೇಖನದಲ್ಲಿ ಬೇರೆ ಊರು ಇರುತ್ತಿತ್ತು.

ಬೀಜವಿಲ್ಲದ ಒಂದೇ ಕವಲು ಎಂದ ಮೇಲೆ ಅದರ ಎಲ್ಲ ಗಿಡಗಳೂ ಹೆಚ್ಚುಕಡಿಮೆ ಒಂದೇ ಅಚ್ಚು. ಒಂದು ಗಿಡವನ್ನು ಕೊಲ್ಲುವ ಔಷಧಿ ಎಲ್ಲವನ್ನೂ ಕೊಲ್ಲಬೇಕು. 1980ರ ದಶಕದಿಂದ ಫ್ಲೂರಿಡೋನ್ ಎಂಬ ಕಳೆನಾಶಕ ಆ ಕೆಲಸವನ್ನು ಸಮರ್ಥವಾಗಿ ಮಾಡಿತ್ತು. ಆಮೇಲೆ ಮಧ್ಯ ಫ್ಲಾರಿಡಾದ ಕೆರೆಗಳಲ್ಲಿ ಸೋತಿತು. 2004ರಲ್ಲಿ ಮೈಕೆಲ್ ಮತ್ತು ಸಂಗಡಿಗರು ಕಾರಣ ಹುಡುಕಿದರು: ಔಷಧಿ ಹೋಗಿ ಕೂರುವ ಕಿಣ್ವದ 304ನೇ ಸ್ಥಾನದ ಅಮೈನೋ ಆಮ್ಲ ಬದಲಾಗಿತ್ತು, ಅದೂ ಬೇರೆ ಬೇರೆ ಕೆರೆಗಳಲ್ಲಿ ಮೂರು ಬೇರೆ ಬೇರೆ ರೀತಿಯಲ್ಲಿ. ಗಂಡುಹೆಣ್ಣಿನ ಸಂಗಮವಿಲ್ಲದೆ, ಬೀಜವಿಲ್ಲದೆ, ಬರೀ ಕಡ್ಡಿಯ ತುಂಡಿನಲ್ಲೇ ಗಿಡ ವಿಕಾಸಗೊಂಡಿತ್ತು. ಜೀನು ಕಲೆಯದೆ ಗಿಡ ಇಷ್ಟು ಬೇಗ ಬದಲಾಗದು ಎಂದುಕೊಂಡಿದ್ದವರಿಗೆ ಅದು ಪಾಠ.

ಔಷಧಿ ಬೇಡ, ಹುಳ ಬಿಡೋಣ ಎಂಬವರದೂ ಒಂದು ಪ್ರಯತ್ನವಿತ್ತು. ಇದು ಡಿಎನ್‌ಎ ಉತ್ತರಕ್ಕಿಂತ ಹತ್ತು ವರ್ಷ ಹಿಂದಿನದು. ಏಷ್ಯಾದಲ್ಲಿ ಹೈಡ್ರಿಲ್ಲಾ ಹದ್ದು ಮೀರದಿರಲು ಅದನ್ನು ತಿನ್ನುವವರು ಇದ್ದೇ ಇರುತ್ತಾರೆಂಬ ತರ್ಕದಲ್ಲಿ 1970ರ ದಶಕದಲ್ಲಿ ಪಾಕಿಸ್ತಾನದಲ್ಲಿ ಶೋಧ ನಡೆಯಿತು, ಆಮೇಲೆ ಭಾರತದಲ್ಲೂ. ಎರಡು ಕೀಟಗಳನ್ನು 1987ರಲ್ಲಿ ಫ್ಲಾರಿಡಾದ ನೀರಿಗೆ ಬಿಟ್ಟರು. ಎಲೆಯೊಳಗೆ ಸುರಂಗ ಕೊರೆಯುವ ಒಂದು ನೊಣ, ಗೆಡ್ಡೆ ತಿನ್ನುವ ಒಂದು ಮೂತಿಹುಳು. ನೊಣ ಬದುಕಿತು, ಕಳೆಯೂ ಬದುಕಿತು.

ಮೂತಿಹುಳುವಿನದು ಬೇರೆ ಪಾಡು. ಅದು ಗೆಡ್ಡೆಯನ್ನು ತಲುಪುವುದು ನೀರು ಇಂಗಿ ಕೆರೆಯಂಗಳ ಬಯಲಾದಾಗ. ನಮ್ಮ ಕಡೆ ಅದಕ್ಕೇನು ಕೊರತೆ? ಎರಡು ನದಿಗಳ ನಡುವಿನ ರಾಯಚೂರು ದೋಆಬಿನಲ್ಲಿ ಬೇಸಿಗೆ ಬಂತೆಂದರೆ ಕೆರೆಗಳು ಬಿರುಕು ಬಿಡುತ್ತವೆ, ಕಾಲುವೆಗೆ ನೀರು ನಿಲ್ಲಿಸುತ್ತಾರೆ, ನೀರು ಬರುವುದು ಮತ್ತೆ ಮಳೆಗಾಲದಲ್ಲಿ ಅಣೆಕಟ್ಟು ತುಂಬಿದ ಮೇಲೆ. ನಮಗೆ ಕಷ್ಟವಾದ ಆ ತಿಂಗಳುಗಳೇ ಆ ಹುಳುವಿಗೆ ಸುಗ್ಗಿ. ಫ್ಲಾರಿಡಾದ ಕೆರೆಗಳು ವರ್ಷವಿಡೀ ತುಂಬಿರುತ್ತವೆ, ಅಲ್ಲಿ ದೋಣಿ ಓಡಬೇಕು, ಮೀನು ಹಿಡಿಯಬೇಕು, ದಡದ ಬಂಗಲೆಗೆ ನೀರಿನ ನೋಟ ಬೇಕು. ಹುಳು ನೆಲೆಯೂರಲಿಲ್ಲ. ಕಳೆಯ ಶತ್ರುವನ್ನು ಹಡಗಿಗೆ ಹತ್ತಿಸಿದರು, ಅದು ಕೆಲಸ ಮಾಡುವ ಬೇಸಿಗೆಯನ್ನು ಹತ್ತಿಸುವುದಾಗಲಿಲ್ಲ.

ಕಳೆಯ ಹಾನಿ ನೀರಿಗಷ್ಟೇ ನಿಲ್ಲಲಿಲ್ಲ. 1994ರ ಚಳಿಗಾಲದಲ್ಲಿ ಅರ್ಕಾನ್ಸಾ ರಾಜ್ಯದ ಡಿಗ್ರೇ ಕೆರೆಯ ಬಳಿ 29 ಬೋಳುಹದ್ದುಗಳು, ಅಂದರೆ ಅಮೆರಿಕದ ರಾಷ್ಟ್ರಲಾಂಛನದ ಹಕ್ಕಿಗಳು, ಸತ್ತವು. ಮೆದುಳಿನಲ್ಲಿ ರಂಧ್ರ ಬಿದ್ದಿದ್ದವು. ಅಪರಾಧಿ ಸಿಕ್ಕಿದ್ದು ಬಹಳ ತಡವಾಗಿ: ಹೈಡ್ರಿಲ್ಲಾದ ಎಲೆಯ ಕೆಳಗೆ ಬೆಳೆಯುವ ಒಂದು ನೀಲಿಹಸಿರು ಸೂಕ್ಷ್ಮಜೀವಿ. 2014ರಲ್ಲಿ ಅದಕ್ಕೆ ಹೆಸರಿಟ್ಟರು, 2021ರಲ್ಲಿ ಅದು ತಯಾರಿಸುವ ಬ್ರೋಮಿನ್ ಬೆರೆತ ವಿಷ ಪತ್ತೆಯಾಯಿತು. ಗಿಡ ತಿಂದ ನೀರುಕೋಳಿ ತೂಕಡಿಸುತ್ತದೆ, ತೂಕಡಿಸುವ ನೀರುಕೋಳಿ ಹದ್ದಿಗೆ ಸುಲಭದ ಬೇಟೆ.

2016ರಲ್ಲಿ ಉತ್ತರದ ಕನೆಕ್ಟಿಕಟ್ ನದಿಯಲ್ಲಿ ಮತ್ತೆ ಹೈಡ್ರಿಲ್ಲಾ ಸಿಕ್ಕಿತು. ಹಳೆಯ ಎರಡರಲ್ಲಿ ಯಾವುದು ಇಲ್ಲಿಗೂ ಬಂತು ಎಂದು ಡಿಎನ್‌ಎ ನೋಡಿದರೆ ಎರಡೂ ಅಲ್ಲ. ಬೆಂಗಳೂರಿನ ಬಳಗಕ್ಕೂ ಸೇರದ, ಕೊರಿಯಾದ ಬಳಗಕ್ಕೂ ಸೇರದ ಈ ಮೂರನೇ ಕವಲನ್ನು 2023ರಲ್ಲಿ ಉತ್ತರ ಯುರೇಷ್ಯಾದ ಗಿಡಗಳ ಜೊತೆ ಸೇರಿಸಿ ಲಿಥುವಾನಿಕಾ ಎಂಬ ಉಪಪ್ರಭೇದವಾಗಿ ಗುರುತಿಸಿದರು. ಏಷ್ಯಾದ ಎರಡು ಮೂಲೆಗಳಿಂದ ಎರಡು ಸಲ ಎಂದಿದ್ದ ಲೆಕ್ಕ ಈಗ ಮೂರಾಗಿದೆ.